ಡಬ್ಬದ ಮೇಲೆ ಸಾವಿರ ಅಡಿ, ನಳಿಗೆಯ ಬಾಯಲ್ಲಿ ಎಷ್ಟು?

ಮಡಿಕೇರಿ: ಅಂಗಡಿಯವನ ತಕ್ಕಡಿಗೆ ಮುದ್ರೆ ಬೇಕು. ಪೆಟ್ರೋಲ್ ಬಂಕಿನ ಯಂತ್ರಕ್ಕೆ ಮುದ್ರೆ ಬೇಕು. ಆಟೋ ಮೀಟರಿಗೂ ಮುದ್ರೆ ಬೇಕು. ಆದರೆ ಕೋವಿಯ ಡಬ್ಬದ ಮೇಲೆ, ತೋಟೆಯ ಡಬ್ಬದ ಮೇಲೆ ‘ಸೆಕೆಂಡಿಗೆ ಇಷ್ಟು ಅಡಿ ವೇಗ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರಲ್ಲ, ಅದನ್ನು ಅಳೆದು ನೋಡಿದ ಗಿರಾಕಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆ?

ಈ ಪ್ರಶ್ನೆ ನಮಗೂ ತಾನಾಗಿ ಹೊಳೆದದ್ದಲ್ಲ. ಹೊಳೆಯಿಸಿದವರು ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ ಇಟ್ಟಿರುವ ಒಬ್ಬ ಶೆಟ್ಟರು. ಕೈಲ್‌ಮುಹೂರ್ತದ ಸಮಯ. ಕೊಡವರ ಮನೆಗಳಲ್ಲಿ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜೆ ನಡೆದಿತ್ತು. ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದ ಮಾತು. ಸಕ್ಕರೆ ಕಟ್ಟಿಸಿಕೊಳ್ಳಲು ಹೋದ ನಮ್ಮನ್ನು ಶೆಟ್ಟರು ಪಕ್ಕಕ್ಕೆ ಕರೆದರು.

“ಸಾರ್, ನೀವು ಪೇಪರಿನವ್ರು. ಒಂದು ಮಾತು ಕೇಳ್ಬೇಕಿತ್ತು.”

“ಕೇಳಿ ಶೆಟ್ರೇ.”

“ಮಗ ಒಂದು ಏರ್‌ಗನ್ ತಂದಿದ್ದಾನೆ. ಪಂದ್ಯಕ್ಕಂತೆ. ಡಬ್ಬದ ಮೇಲೆ ಸಾವಿರ ಅಡಿ ಅಂತ ಬರ್ದಿದೆ. ಯಾರೋ ಲೆಕ್ಕ ಹಾಕಿ, ಇದು ಇಪ್ಪತ್ತು ಜೂಲ್ ದಾಟುತ್ತೆ, ಲೈಸೆನ್ಸ್ ಇಲ್ದೆ ಇಟ್ಕೊಂಡ್ರೆ ಕೇಸಾಗುತ್ತೆ ಅಂದುಬಿಟ್ರು. ನಾವು ಜಮ್ಮಾದವರೂ ಅಲ್ಲ. ಮೂರು ದಿನದಿಂದ ನಿದ್ದೆ ಇಲ್ಲ ಸಾರ್.”

ಶೆಟ್ಟರ ಭಯದಲ್ಲಿ ಹುರುಳಿತ್ತು.

ಕಾನೂನು ಕೇಳುವುದು ಜೂಲ್

ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತು. 1861ರಿಂದ ನಡೆದುಬಂದ ಪದ್ಧತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಉಳಿದವರಿಗೆ ಉಳಿದ ದೇಶದ ಕಾನೂನೇ ಕಾನೂನು.

ಏರ್‌ಗನ್ ವಿಚಾರಕ್ಕೆ ಬಂದರೆ 2016ರ ಶಸ್ತ್ರಾಸ್ತ್ರ ನಿಯಮಗಳು ಒಂದು ಗೆರೆ ಎಳೆದಿವೆ. ನಳಿಗೆಯ ಒಳಗಿನ ಅಗಲ 4.5 ಮಿಲಿಮೀಟರ್, ಅಂದರೆ ಪಾಯಿಂಟ್ 177. ನಳಿಗೆಯ ಬಾಯಲ್ಲಿ ಗುಂಡಿನ ಶಕ್ತಿ 20 ಜೂಲ್. ಇಷ್ಟರೊಳಗೆ ಇದ್ದರೆ ಲೈಸೆನ್ಸ್ ಬೇಡ. ದಾಟಿದರೆ ಬೇಕು.

ಇಲ್ಲೇ ಇರುವುದು ತೊಡಕು. ಕಾನೂನು ಕೇಳುವುದು ಜೂಲ್, ಡಬ್ಬ ಕೂಗುವುದು ಅಡಿ. ಒಂದು ಕಿಲೋಗೆ ಎಷ್ಟು ರೂಪಾಯಿ ಎಂದು ಗಿರಾಕಿ ಕೇಳಿದರೆ, ಮೂಟೆ ಎಷ್ಟು ಉದ್ದವಿದೆ ಎಂದು ಅಂಗಡಿಯವನು ಹೇಳಿದ ಹಾಗೆ. ಅಡಿಯಿಂದ ಜೂಲಿಗೆ ಹೋಗಬೇಕಾದರೆ ಗುಂಡಿನ ತೂಕ ಗೊತ್ತಿರಬೇಕು. ಲೆಕ್ಕ ಸುಲಭ: ತೂಕವನ್ನು ಕಿಲೋಗ್ರಾಂನಲ್ಲಿ ಹಿಡಿದು, ಅದರ ಅರ್ಧಕ್ಕೆ ವೇಗವನ್ನು ಎರಡು ಸಲ ಗುಣಿಸಬೇಕು. ವೇಗ ಮೀಟರಿನಲ್ಲಿರಬೇಕು.

ಸೆಕೆಂಡಿಗೆ 1000 ಅಡಿ ಎಂದರೆ ಸುಮಾರು 305 ಮೀಟರ್. ಏರ್‌ಗನ್ನಿನ ಸಾಧಾರಣ ಸೀಸದ ಪೆಲೆಟ್ 8 ಗ್ರೇನ್ ತೂಗುತ್ತದೆ, ಅಂದರೆ ಅರ್ಧ ಗ್ರಾಮಿಗಿಂತ ಒಂದು ಚೂರು ಹೆಚ್ಚು. ಎರಡನ್ನೂ ಇಟ್ಟು ಗುಣಿಸಿದರೆ 24 ಜೂಲ್ ಬರುತ್ತದೆ. ಗೆರೆ ದಾಟಿತು! ಶೆಟ್ಟರಿಗೆ ಹೆದರಿಸಿದವರ ಲೆಕ್ಕ ತಪ್ಪಿರಲಿಲ್ಲ. ಆದರೆ ಆ ಲೆಕ್ಕ ನಿಂತದ್ದು ಡಬ್ಬದ ಮಾತಿನ ಮೇಲೆ. ಡಬ್ಬದ ಮಾತೇ ಸುಳ್ಳಾಗಿದ್ದರೆ?

ಸುಬೇದಾರರ ಅಂಗಳದಲ್ಲಿ

ಹುಡುಕುತ್ತ ಹೋದಾಗ ಸಿಕ್ಕವರು ಸೈನ್ಯದಿಂದ ನಿವೃತ್ತರಾಗಿ ಕಾಫಿ ತೋಟ ನೋಡಿಕೊಂಡಿರುವ ಒಬ್ಬ ಸುಬೇದಾರರು. ಹೆಸರು ಹಾಕಬೇಡಿ ಎಂದರು, ಹಾಕುವುದಿಲ್ಲ. ಅವರಲ್ಲಿ ಗುಂಡಿನ ವೇಗ ಅಳೆಯುವ ಯಂತ್ರ ಇದೆ. ಕ್ರೋನೋಗ್ರಾಫ್ ಎನ್ನುತ್ತಾರೆ.

ನೋಡಲು ದೊಡ್ಡದೇನಿಲ್ಲ. ಒಂದು ಕಬ್ಬಿಣದ ಕಾಲಿನ ಮೇಲೆ ಎರಡು ಬೆಳಕಿನ ಕಣ್ಣುಗಳು. ಒಂದರಿಂದ ಇನ್ನೊಂದಕ್ಕೆ ನಿಗದಿಯಾದ ದೂರ. ಗುಂಡು ಮೊದಲ ಕಣ್ಣಿನ ಮೇಲೆ ಹಾದಾಗ ಅದರ ನೆರಳು ಬಿದ್ದು ಒಳಗಿನ ಗಡಿಯಾರ ಶುರುವಾಗುತ್ತದೆ. ಎರಡನೇ ಕಣ್ಣಿನ ಮೇಲೆ ಹಾದಾಗ ನಿಲ್ಲುತ್ತದೆ. ದೂರವನ್ನು ಹೊತ್ತಿನಿಂದ ಭಾಗಿಸಿದರೆ ವೇಗ. ಮೈಸೂರಿಗೆ ಬಸ್ಸು ಎಷ್ಟು ಹೊತ್ತಿಗೆ ಬಿಟ್ಟಿತು, ಎಷ್ಟು ಹೊತ್ತಿಗೆ ತಲುಪಿತು ಎಂದು ಪ್ರಯಾಣಿಕ ಕೈಗಡಿಯಾರ ನೋಡಿಕೊಳ್ಳುವ ಲೆಕ್ಕವೇ ಇದು. ವ್ಯತ್ಯಾಸ ಇಷ್ಟೇ, ಸಾವಿರ ಅಡಿ ವೇಗದ ಗುಂಡು ಎರಡಡಿ ದಾಟಲು ತೆಗೆದುಕೊಳ್ಳುವ ಹೊತ್ತು ಸೆಕೆಂಡಿನ ಐನೂರನೇ ಒಂದು ಭಾಗ.

“ಯಂತ್ರ ಅಂತ ಕಣ್ಣು ಮುಚ್ಚಿ ನಂಬ್ಬೇಡಿ” ಎಂದರು ಸುಬೇದಾರರು. “ಎರಡು ಕಣ್ಣಿನ ನಡುವಿನ ದೂರ ಎರಡಡಿಗೆ ಕಾಲಂಗುಲ ಹೆಚ್ಚುಕಮ್ಮಿ ಆದ್ರೂ ವೇಗದಲ್ಲಿ ನೂರಕ್ಕೆ ಒಂದು ಪಾಲು ತಪ್ಪುತ್ತೆ. ಟ್ಯೂಬ್‌ಲೈಟಿನ ಕೆಳಗೆ ಇಟ್ರೆ ಆ ಬೆಳಕಿನ ಮಿಣುಕಿಗೇ ಮೋಸ ಹೋಗುತ್ತೆ. ದೊಡ್ಡ ಕೋವಿ ಆದ್ರೆ ಬಾಯಿಗೆ ತೀರಾ ಹತ್ರ ಇಡಬಾರ್ದು, ಗುಂಡಿಗಿಂತ ಮೊದ್ಲು ಹೊಗೆ, ಗಾಳಿ ಬಂದು ಗಡಿಯಾರ ಶುರು ಮಾಡ್ಬಿಡುತ್ತೆ.”

ಈಗ ರಾಡಾರ್ ಯಂತ್ರಗಳೂ ಬಂದಿವೆ. ಹೆದ್ದಾರಿಯಲ್ಲಿ ಪೊಲೀಸರು ಕಾರಿನ ವೇಗ ಹಿಡಿಯುವ ಉಪಾಯವೇ. 2023ರಲ್ಲಿ ಗಾರ್ಮಿನ್ ಕಂಪನಿ ಅಂಗೈಯಗಲದ ಅಂಥದ್ದೊಂದನ್ನು ಮಾರುಕಟ್ಟೆಗೆ ತಂದಿತು. ಸುಬೇದಾರರದು ಹಳೇ ಕಾಲದ್ದು. ಆದರೂ ಕೆಲಸಕ್ಕೆ ಸಾಕು.

ಮಣ್ಣಿನ ದಿಬ್ಬದ ಎದುರು ಮರದ ಹಲಗೆ ನಿಲ್ಲಿಸಿ, ಹಿಂದೆ ಮುಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಶೆಟ್ಟರ ಮಗನ ಕೈಯಿಂದಲೇ ಹೊಡೆಸಿದರು. ಮೊದಲು ಸಾಧಾರಣ 8 ಗ್ರೇನಿನ ಸೀಸದ ಪೆಲೆಟ್. ಶೆಟ್ಟರು ಜಗಲಿಯ ಕಂಬ ಹಿಡಿದು ನಿಂತಿದ್ದರು.

ಐದು ಸಲ ಹೊಡೆದದ್ದಾಯಿತು. ಯಂತ್ರ ತೋರಿಸಿದ್ದು ಎಂಟುನೂರ ಇಪ್ಪತ್ತರಿಂದ ಎಂಟುನೂರ ನಲವತ್ತು ಅಡಿಯ ಒಳಗೆ. ಒಂದು ಸಲವೂ ಒಂಬೈನೂರು ಮುಟ್ಟಲಿಲ್ಲ. ಸಾವಿರದ ಮಾತು ಹಾಗಿರಲಿ.

“ಹಾಗಾದ್ರೆ ನಂಗೆ ಟೋಪಿ ಹಾಕಿದ್ರಾ?” ಎಂದ ಹುಡುಗ, ಮುಖ ಸಣ್ಣದು ಮಾಡಿಕೊಂಡು.

“ತಡಿ ಮಗಾ” ಎಂದು ಸುಬೇದಾರರು ಇನ್ನೊಂದು ಸಣ್ಣ ಡಬ್ಬಿ ತಂದರು. ಅದರಲ್ಲಿ ಸೀಸ ಸೇರಿಸದ, 5 ಗ್ರೇನಿನ ಆಸುಪಾಸಿನ ಹಗುರ ಲೋಹದ ಪೆಲೆಟ್. ಅದನ್ನು ಹಾಕಿ ಹೊಡೆದಾಗ ಅಂಕಿ ಸರ್ರನೆ ಮೇಲೇರಿತು. ಸಾವಿರದ ಹತ್ತಿರಕ್ಕೇ ಬಂತು.

ಗುಟ್ಟು ಅಷ್ಟೇ. ಡಬ್ಬದ ಅಂಕಿ ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಏರ್‌ಗನ್ ತಯಾರಕರು ಜಾಹೀರಾತಿಗೆ ಅಳೆಯುವಾಗ ಹಗುರದ ಪೆಲೆಟ್ ಹಾಕಿ ಅಳೆಯುವುದು ಪ್ರಪಂಚದಾದ್ಯಂತ ಇರುವ ರೂಢಿ. ಖಾಲಿ ಲಾರಿ ಸಂಪಾಜೆ ಘಾಟಿ ಎಷ್ಟು ಬೇಗ ಹತ್ತುತ್ತದೆ ಎಂದು ಹೇಳಿ ಮಾರಿದ ಹಾಗೆ. ಗಿರಾಕಿ ಮನೆಗೆ ಹೋಗಿ ಮರಳು ತುಂಬುತ್ತಾನೆ.

ಈಗ ಜೂಲಿನ ಲೆಕ್ಕ ನೋಡಿ. ಸೀಸದ ಪೆಲೆಟ್ ಎಂಟುನೂರ ಮೂವತ್ತು ಅಡಿಯಲ್ಲಿ ಹೋದರೆ 16ರಿಂದ 17 ಜೂಲ್. ಹಗುರದ ಪೆಲೆಟ್ ಸಾವಿರ ಅಡಿಯಲ್ಲೇ ಹೋದರೂ 15ರಿಂದ 16 ಜೂಲ್. ಎರಡೂ ಗೆರೆಯ ಒಳಗೆ! ಡಬ್ಬದ ಬಡಾಯಿಯನ್ನು ನಂಬಿದ್ದರೆ ಹುಡುಗ ಅಪರಾಧಿ, ನಳಿಗೆಯ ನಿಜವನ್ನು ನಂಬಿದರೆ ನಿರಪರಾಧಿ. ಶೆಟ್ಟರು ಜಗಲಿಯ ಮೇಲೆ ಕೂತುಬಿಟ್ಟರು. ಸುಬೇದಾರರ ಮನೆಯವರು ತಂದ ಕಾಫಿಯನ್ನು ಮೂರು ದಿನದ ಮೇಲೆ ರುಚಿಯಾಗಿ ಕುಡಿದೆ ಎಂದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅಂಗಳದ ಅಳತೆ ಕೋರ್ಟಿನ ಅಳತೆ ಆಗುವುದಿಲ್ಲ. ಬಿಲ್ಲು, ತಯಾರಕರು ಬರೆದುಕೊಟ್ಟ ಜೂಲಿನ ಅಂಕಿ, ಇವೆರಡನ್ನು ಕೋವಿಯ ಜೊತೆಗೇ ಇಟ್ಟುಕೊಳ್ಳುವುದು ಕ್ಷೇಮ. ಅನುಮಾನವಿದ್ದರೆ ಠಾಣೆಯಲ್ಲೋ ಡಿಸಿ ಕಚೇರಿಯಲ್ಲೋ ಮೊದಲೇ ಕೇಳುವುದು ಇನ್ನೂ ಕ್ಷೇಮ.

ತೋಟೆಯ ಡಬ್ಬಕ್ಕೂ ಇದೇ ಕಥೆ

ಏರ್‌ಗನ್ ಆಟದ ಸಾಮಾನು, ನಿಜವಾದ ತೋಟೆಯಲ್ಲಿ ಹೀಗಿರಲಾರದು ಎಂದುಕೊಂಡಿರಾ? ಅಲ್ಲೂ ಇದೆ.

ಪಾಯಿಂಟ್ 22 ತೋಟೆಯ ಡಬ್ಬಗಳನ್ನೇ ತೆಗೆದುಕೊಳ್ಳಿ. ಅಮೆರಿಕದ ಸಿಸಿಐ ಕಂಪನಿಯ ಸಾಧಾರಣ ವೇಗದ ತೋಟೆಗೆ 1070 ಅಡಿ, ಮಿನಿ ಮ್ಯಾಗ್ ಎಂಬುದಕ್ಕೆ 1235 ಅಡಿ, ಹಗುರ ಗುಂಡಿನ ಸ್ಟಿಂಗರ್‌ಗೆ 1640 ಅಡಿ ಎಂದು ಅಂಕಿ ಕೊಡುತ್ತಾರೆ. ಅಮೆರಿಕದ ತಯಾರಕರ ಸಂಸ್ಥೆಯೊಂದು 1926ರಿಂದ ಇದೆ. ಅದರ ನಿಯಮದ ಪ್ರಕಾರ ಪಾಯಿಂಟ್ 22 ಅಳೆಯುವ ಪರೀಕ್ಷಾ ನಳಿಗೆ 24 ಅಂಗುಲ ಉದ್ದ. ನಿಮ್ಮ ಕೈಯಲ್ಲಿರುವುದು ಐದಂಗುಲ ನಳಿಗೆಯ ಪಿಸ್ತೂಲಾದರೆ ಆ ವೇಗ ಎಲ್ಲಿಂದ ಬರಬೇಕು? ಮದ್ದಿನ ಗಾಳಿ ಗುಂಡನ್ನು ನೂಕಲು ದಾರಿಯೇ ಇರುವುದಿಲ್ಲ.

ಇದರ ದೊಡ್ಡ ಉದಾಹರಣೆ ಅಮೆರಿಕದ .357 ಮ್ಯಾಗ್ನಂ ರಿವಾಲ್ವರ್ ತೋಟೆ. 1935ರಲ್ಲಿ ಅದು ಬಂದಾಗ 158 ಗ್ರೇನಿನ ಗುಂಡು ಸೆಕೆಂಡಿಗೆ 1500 ಅಡಿಗೂ ಮೇಲೆ ಹೋಗುತ್ತದೆಂದು ಸಾರಿದರು. ಅಳೆದದ್ದು ಎಂಟೂಮುಕ್ಕಾಲು ಅಂಗುಲದ ಉದ್ದ ನಳಿಗೆಯಲ್ಲಿ. ಬೆಲ್ಟಿನಲ್ಲಿ ಸಿಕ್ಕಿಸಿಕೊಂಡು ಓಡಾಡುವ ಪೊಲೀಸಿನವನ ರಿವಾಲ್ವರಿಗೆ ಇರುವುದು ನಾಲ್ಕಂಗುಲ. ಮೇಲಾಗಿ ರಿವಾಲ್ವರಿನ ತಿರುಗುವ ಉರುಳೆಗೂ ನಳಿಗೆಗೂ ನಡುವೆ ಕೂದಲೆಳೆಯ ಸಂದು ಇರುತ್ತದೆ, ಅದರಲ್ಲಿ ಗಾಳಿ ಸೋರಿಹೋಗುತ್ತದೆ. ಮುಂದೆ ತಯಾರಕರು ನಾಲ್ಕಂಗುಲದ, ಸಂದು ಇಟ್ಟ ಪರೀಕ್ಷಾ ನಳಿಗೆಯಲ್ಲಿ ಅಳೆಯಲು ಶುರುಮಾಡಿದರು. ಅದೇ ತೂಕದ ಗುಂಡಿಗೆ ಪಟ್ಟಿಯಲ್ಲಿ ಬಂದ ಅಂಕಿ 1235 ಅಡಿ. ಅಳೆಯುವ ಕೋಲು ನಿಜಕ್ಕೆ ಹತ್ತಿರ ಬಂದಾಗ ಅಂಕಿ ತಾನಾಗಿ ಇಳಿಯಿತು.

ಇನ್ನು ನಮ್ಮ ಕಡೆಯ ಜೋಡು ನಳಿಗೆಯ 12 ಬೋರ್ ಕೋವಿ. ಇಲ್ಲಿ ಇನ್ನೊಂದು ಗೊಂದಲ. ಬ್ರಿಟಿಷರು ಹಿಂದಿನಿಂದ ಹೇಳುತ್ತಿದ್ದ ವೇಗ, ಗುಂಡು ಮೊದಲ 20 ಗಜ ಸಾಗುವಾಗಿನ ಸರಾಸರಿ. ಅದರ ಪ್ರಕಾರ ಸಾಧಾರಣ ತೋಟೆಗೆ 1070 ಅಡಿ. ಅಮೆರಿಕದವರು ನಳಿಗೆಯ ಬಾಯಿಂದ ಮೂರಡಿ ದೂರದಲ್ಲಿ ಅಳೆದು ಹೇಳುತ್ತಾರೆ. ಸೀಸದ ಸಣ್ಣ ಗುಂಡುಗಳು ಗಾಳಿಯಲ್ಲಿ ಬೇಗ ಬಳಲುತ್ತವೆ. ಹಾಗಾಗಿ ಅದೇ ತೋಟೆಗೆ ಬಾಯಿಯ ಹತ್ತಿರ ಅಳೆದರೆ ದೊಡ್ಡ ಅಂಕಿ, 20 ಗಜದ ಸರಾಸರಿ ತೆಗೆದರೆ ಸಣ್ಣ ಅಂಕಿ. ಅಜ್ಜನ ಕಾಲದ ಇಂಗ್ಲಿಷ್ ತೋಟೆಯ ಡಬ್ಬವನ್ನೂ ಈಗಿನ ಡಬ್ಬವನ್ನೂ ಪಕ್ಕಪಕ್ಕ ಇಟ್ಟು, ‘ಹೊಸದು ಭಾರಿ ಜೋರು’ ಎಂದರೆ ಸೇರನ್ನೂ ಕಿಲೋವನ್ನೂ ಒಂದೇ ಎಂದು ತೂಗಿದ ಹಾಗಾಯಿತು.

ಹವೆಯೂ ಸುಮ್ಮನೆ ಕೂರುವುದಿಲ್ಲ. ಹಿಂದೆ ಕಾರ್ಡೈಟ್ ಎಂಬ ಮದ್ದಿನ ಕಾಲದಲ್ಲಿ ಇಂಗ್ಲೆಂಡಿನ ಚಳಿಗೆ ತಯಾರಾದ ದೊಡ್ಡ ಬೇಟೆ ಕೋವಿಯ ತೋಟೆಯನ್ನು ಇಂಡಿಯಾದ ಬಿಸಿಲಿನಲ್ಲಿ ಹಾರಿಸಿದರೆ ಒಳಗಿನ ಒತ್ತಡ ಏರಿಬಿಡುತ್ತಿತ್ತು. ಅದಕ್ಕೇ ಬಿಸಿ ದೇಶಗಳಿಗೆಂದು ಮದ್ದು ಕಡಿಮೆ ಹಾಕಿದ ತೋಟೆಯನ್ನೇ ಬೇರೆಯಾಗಿ ಮಾಡಿ ಕಳಿಸುತ್ತಿದ್ದರು. ಈಗಿನ ಮದ್ದು ಅಷ್ಟು ಚಂಚಲವಲ್ಲ. ಆದರೂ ಬಿಸಿಗೆ ವೇಗ ಏರುವುದು, ಚಳಿಗೆ ಇಳಿಯುವುದು ಪೂರಾ ಹೋಗಿಲ್ಲ. ಡಬ್ಬದ ಅಂಕಿ ಪರೀಕ್ಷಾ ಕೋಣೆಯ ಹವೆಯದು. ಮಡಿಕೇರಿಯ ಮಂಜಿನದೂ ಅಲ್ಲ, ರಾಯಚೂರಿನ ಬೇಸಿಗೆಯದೂ ಅಲ್ಲ.

ಮೊದಲು ಅಳೆದವನು ಸತ್ತದ್ದು ಕಡಲೂರಿನಲ್ಲಿ

ಗುಂಡಿನ ವೇಗವನ್ನು ಸರಿಯಾಗಿ ಅಳೆದು ತೋರಿಸಿದ ಕೀರ್ತಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತದವನದು. 1742ರಲ್ಲಿ ಅವನು ಪುಸ್ತಕ ಪ್ರಕಟಿಸಿದ. ಅವನ ಉಪಾಯ ಕೇಳಿದರೆ ತಕ್ಕಡಿ ಹಿಡಿಯುವ ಯಾರಿಗಾದರೂ ತಟ್ಟನೆ ಅರ್ಥವಾಗುತ್ತದೆ. ಭಾರವಾದ ಮರದ ದಿಮ್ಮಿಯನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆಯುವುದು. ಗುಂಡು ಒಳಗೆ ಹೊಕ್ಕು ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತೆಂದು ಪಟ್ಟಿಯಿಂದ ಅಳೆಯುವುದು. ಗುಂಡಿನ ತೂಕ, ದಿಮ್ಮಿಯ ತೂಕ ಗೊತ್ತಿದ್ದರೆ ವೇಗ ಹೊರಬೀಳುತ್ತದೆ. ಹತ್ತು ಗ್ರಾಮಿನ ಗುಂಡು ಹತ್ತು ಕಿಲೋ ದಿಮ್ಮಿಗೆ ಬಿದ್ದರೆ ದಿಮ್ಮಿ ಚಲಿಸುವುದು ಗುಂಡಿನ ವೇಗದ ಸಾವಿರದ ಒಂದನೇ ಒಂದು ಪಾಲಿನಷ್ಟು. ಕಣ್ಣಿಗೆ ಕಾಣದ ವೇಗವನ್ನು ಕಾಣುವ ವೇಗಕ್ಕೆ ಇಳಿಸಿದ್ದೇ ಅವನ ಜಾಣತನ.

ಇದೇ ರಾಬಿನ್ಸ್ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಕೋಟೆಗಳನ್ನು ಗಟ್ಟಿಮಾಡಿಸಲು ನಮ್ಮ ಕಡೆಗೆ ಬಂದ. 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಅವನಾದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದು ಬೆಲ್ಜಿಯಂ ಸೈನ್ಯದ ಲೆ ಬೂಲಾಂಜೆ ಎಂಬ ಅಧಿಕಾರಿ, ಗುಂಡು ಎರಡು ಕಡೆ ತಂತಿ ಕಡಿದುಕೊಂಡು ಹೋಗುವಂತೆ ಮಾಡಿ, ಆ ನಡುವೆ ಬೀಳುವ ಸಲಾಕೆಯ ಮೇಲೆ ಗುರುತು ಮೂಡಿಸುವ ಯಂತ್ರ ಕಟ್ಟಿದ. ಸುಬೇದಾರರ ಅಂಗಳದ ಎರಡು ಕಣ್ಣಿನ ಯಂತ್ರ ಅದರ ಮೊಮ್ಮಗು.

ಜೋರಿಗಿಂತ ಸಮ ಮುಖ್ಯ

“ಹಾಗಾದ್ರೆ ಯಾವ ತೋಟೆ ಒಳ್ಳೇದು?” ಎಂದು ಕೇಳಿದೆವು.

ಸುಬೇದಾರರು ನಕ್ಕರು. “ಎಲ್ರೂ ಜೋರು ಯಾವ್ದು ಅಂತ ಕೇಳ್ತಾರೆ. ಸಮ ಯಾವ್ದು ಅಂತ ಕೇಳೋರಿಲ್ಲ.”

ಅವರ ಲೆಕ್ಕ ಹೀಗೆ. 50 ಮೀಟರ್ ದೂರದ ಗುರಿ. 1070 ಅಡಿ ವೇಗದ ಗುಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ ಸೆಂಟಿಮೀಟರ್ ಕೆಳಕ್ಕೆ ಇಳಿದಿರುತ್ತದೆ. 1000 ಅಡಿಯದು ಹದಿಮೂರು ಚಿಲ್ಲರೆ. ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ ಇದು. ವ್ಯತ್ಯಾಸ ಒಂದೂವರೆ ಸೆಂಟಿಮೀಟರಿಗೂ ಮೇಲೆ. ಎಲ್ಲ ಗುಂಡೂ 1000 ಅಡಿಯಲ್ಲೇ ಹೋದರೆ ಚಿಂತೆಯಿಲ್ಲ, ಕೋವಿಯ ಗುರಿಕಣ್ಣನ್ನು ಒಮ್ಮೆ ತಿರುಗಿಸಿಕೊಂಡರಾಯಿತು. ಒಂದು 1070, ಇನ್ನೊಂದು 1000, ಮತ್ತೊಂದು 1040 ಎಂದು ಹೋದರೆ ಯಾವ ಗುರಿಕಾರನೂ ಏನೂ ಮಾಡಲಾರ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತ 10.4 ಮಿಲಿಮೀಟರ್ ಮಾತ್ರ. ತೆಂಗಿನಕಾಯಿ ಅಷ್ಟು ಸಣ್ಣದಲ್ಲ, ಪುಣ್ಯಕ್ಕೆ.

ಇಂಥ ಪಂದ್ಯಗಳಿಗೆ ತೋಟೆ ಮಾಡುವ ಇಂಗ್ಲೆಂಡಿನ ಈಲಿ ಕಂಪನಿ ತನ್ನ ಮೇಲ್ದರ್ಜೆಯ ಡಬ್ಬಗಳ ಮೇಲೆ ಆ ಕಂತಿನ ತೋಟೆಯನ್ನು ಅಳೆದಾಗ ಬಂದ ವೇಗವನ್ನೇ ಮುದ್ರಿಸುತ್ತದೆ. ಒಂದು ಕಂತಿಗೂ ಇನ್ನೊಂದಕ್ಕೂ ಅಂಕಿ ಬೇರೆ. ಆ ಅಂಕಿಗಳು ಜೋರಿನವೂ ಅಲ್ಲ, ಬೇಕೆಂದೇ ಶಬ್ದದ ವೇಗಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ. ಅದನ್ನು ದಾಟಿ ಹೋದ ಗುಂಡು ದಾರಿಯಲ್ಲಿ ನಿಧಾನವಾಗಿ ಮತ್ತೆ ಅದರ ಕೆಳಗೆ ಇಳಿಯುವಾಗ ತತ್ತರಿಸುತ್ತದೆ. ಗೆಲ್ಲುವವರು ಕೊಳ್ಳುವುದು ಕಡಿಮೆ ಅಂಕಿಯ ತೋಟೆಯನ್ನೇ.

ಕಡಿಮೆ ಅಂದರೆ ಸುರಕ್ಷಿತ ಅಲ್ಲ

ಇದನ್ನೆಲ್ಲ ಓದಿ, ‘ಡಬ್ಬದಷ್ಟು ಜೋರಿಲ್ಲ, ಹಾಗಾದರೆ ಅಪಾಯವಿಲ್ಲ’ ಎಂದು ಯಾರಾದರೂ ತಿಳಿದರೆ ಅವರಷ್ಟು ಮೂಢರು ಇನ್ನಿಲ್ಲ. ಪಾಯಿಂಟ್ 22 ಡಬ್ಬಗಳ ಮೇಲೆಯೇ ಇನ್ನೊಂದು ಸಾಲು ಸಣ್ಣ ಅಕ್ಷರದಲ್ಲಿರುತ್ತದೆ: ಗುಂಡು ಒಂದೂವರೆ ಮೈಲಿ ಹೋಗಬಲ್ಲದು. ವೇಗದ ಅಂಕಿಯಲ್ಲಿ ನೂರು ಅಡಿ ಕಳೆದರೂ ಆ ಎಚ್ಚರಿಕೆಯನ್ನು ಕಳೆಯುವ ಹಾಗಿಲ್ಲ. ಏರ್‌ಗನ್ನಿನ ಹದಿನಾರು ಜೂಲ್ ಮಗುವಿನ ಕಣ್ಣಿಗೆ ಧಾರಾಳವಾಗಿ ಸಾಕು. ಸಂಭ್ರಮಕ್ಕೆಂದು ಜನರ ಪ್ರಾಣ ಲೆಕ್ಕಿಸದೆ ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿ ಕಾಯಿದೆಯಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ಇದೆ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಮೂರೇ ಪ್ರಶ್ನೆ. ಈ ವೇಗ ಎಷ್ಟು ಉದ್ದದ ನಳಿಗೆಯಲ್ಲಿ ಅಳೆದದ್ದು? ಎಷ್ಟು ತೂಕದ ಗುಂಡಿಗೆ? ನಳಿಗೆಯ ಬಾಯಿಂದ ಎಷ್ಟು ದೂರದಲ್ಲಿ? ಏರ್‌ಗನ್ ಆದರೆ ನಾಲ್ಕನೆಯದು: ಜೂಲ್ ಎಷ್ಟು, ಅದನ್ನು ಬರೆದುಕೊಡುತ್ತೀರಾ? ಉತ್ತರ ಕೊಡದ ಡಬ್ಬದ ಅಂಕಿಗೆ ಬಸ್ ಸ್ಟ್ಯಾಂಡಿನ ವೇಳಾಪಟ್ಟಿಗೆ ಕೊಡುವಷ್ಟೇ ಮರ್ಯಾದೆ ಕೊಟ್ಟರೆ ಸಾಕು. ತಪ್ಪು ದಾರಿಗೆಳೆಯುವ ಜಾಹೀರಾತಿನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ದೂರು ಕೊಡುವ ಹಕ್ಕಂತೂ ಗಿರಾಕಿಗೆ ಇದ್ದೇ ಇದೆ.

ಮೊನ್ನೆ ಮತ್ತೆ ಶೆಟ್ಟರ ಅಂಗಡಿಗೆ ಹೋಗಿದ್ದೆವು. ಏರ್‌ಗನ್ ಡಬ್ಬವನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಡಬ್ಬದ ಮೇಲಿನ ‘1000’ ಎಂಬುದನ್ನು ಮಗ ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ‘830, ಸೀಸ’ ಎಂದು ಬರೆದಿದ್ದಾನೆ.

“ಪಂದ್ಯ ಏನಾಯ್ತು ಶೆಟ್ರೇ?”

“ಸೋತ ಸಾರ್. ಆದ್ರೆ ಈಗ ಅಂಗಡಿಗೆ ಬಂದ ಪ್ರತಿ ಮೂಟೇನೂ ತೂಕಕ್ಕೆ ಹಾಕಿ ನೋಡ್ತಾನೆ. ಹೋದ ವಾರ ಒಂದು ಅಕ್ಕಿ ಮೂಟೇಲಿ ಒಂದೂಕಾಲು ಕಿಲೋ ಕಮ್ಮಿ ಹಿಡಿದ!”